ಹೊಸ ಪೈಪೇ ಯಾಕೆ ಕಿತ್ಕೊಂಡು ಹೋಯ್ತು?

"ಲೋ, ನೀನು ಮೆಕ್ಯಾನಿಕಲ್ ಓದಿದ್ದೀಯಲ್ಲ, ಬೆಳಗ್ಗೆ ಹಾಕ್ಸಿದ ಹೊಸ ಪೈಪು ಮಧ್ಯಾಹ್ನಕ್ಕೇ ಹೆಂಗೋ ಕಿತ್ಕೊಂಡು ಹೋಗುತ್ತೆ?"

ಹಾಸನದ ಹತ್ತಿರದ ನಮ್ಮೂರಿಂದ ಚಿಕ್ಕಪ್ಪ ಫೋನ್ ಮಾಡಿದಾಗ ನಾನು ಬೆಂಗಳೂರಿನ ಆಫೀಸಲ್ಲಿ ಮೀಟಿಂಗ್ ಮುಗಿಸಿ ಕಾಫಿಗೆ ಎದ್ದಿದ್ದೆ. ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡು ಸಾಫ್ಟ್‌ವೇರ್. ಚಿಕ್ಕಪ್ಪನದು ಒಂದು ಜೆಸಿಬಿ, ಕೆರೆ ಹೂಳೆತ್ತುವ ಕೆಲಸದಲ್ಲಿತ್ತು. ಗಾಡಿ ನಿಂತರೆ ಗಂಟೆ ಲೆಕ್ಕದ ಬಾಡಿಗೆ ನಿಲ್ಲುತ್ತೆ, ಸಾಲದ ಕಂತು ಮಾತ್ರ ನಿಲ್ಲಲ್ಲ. "ಡೂಪ್ಲಿಕೇಟ್ ಮಾಲು ಕೊಟ್ಟವ್ನೆ" ಅಂತ ಅಂಗಡಿಯವನ ಮೇಲೆ ಕೆಂಡ ಕಾರುತ್ತಿದ್ದರು.

ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಅಂದೆ. ನೋಡಿದರೆ ಪೈಪ್ ಎಲ್ಲೂ ಒಡೆದಿರಲಿಲ್ಲ. ತುದಿಯ ಲೋಹದ ಫಿಟ್ಟಿಂಗ್‌ನಿಂದ ಇಡಿಯಾಗಿ ಜಾರಿ ಹೊರಗೆ ಬಂದಿತ್ತು. ಅರ್ಧ ಉತ್ತರ ಅಲ್ಲೇ ಸಿಕ್ಕಿತು. ತಪ್ಪು ರಬ್ಬರಿನದಲ್ಲ, ಜೋಡಿಸಿದ್ದರಲ್ಲಿದೆ.

ರಬ್ಬರ್ ಅಲ್ಲ, ತಂತಿ ತಡೆಯೋದು

ಕಾರಿನ ಟೈರಿನಲ್ಲಿ ಇರುವುದು ಸುಮಾರು 2 ಬಾರ್ ಒತ್ತಡ. ಜೆಸಿಬಿಯ ಬಕೆಟ್ ಮಣ್ಣು ಅಗೆಯುವಾಗ ಎಣ್ಣೆಯ ಒತ್ತಡ 200 ಬಾರ್ ದಾಟುತ್ತೆ. ಅಂದರೆ ನೂರು ಪಟ್ಟು! ಇದನ್ನು ರಬ್ಬರ್ ಒಂದೇ ತಡೆಯಲಾರದು. ಒಳಗಿನ ರಬ್ಬರ್ ನಳಿಕೆಯ ಮೇಲೆ ಉಕ್ಕಿನ ತಂತಿಯನ್ನು ಜಡೆಯ ಹಾಗೆ ಹೆಣೆದಿರುತ್ತಾರೆ, ಅದರ ಮೇಲೆ ಮತ್ತೊಂದು ರಬ್ಬರ್ ಹೊದಿಕೆ. ಭಾರ ಹೊರುವುದು ಆ ತಂತಿ.

ಪೈಪಿನ ತುದಿಯೊಳಗೆ ನಿಪ್ಪಲ್, ಹೊರಗೆ ಉಕ್ಕಿನ ಕ್ಯಾಪ್. ಕ್ರಿಂಪಿಂಗ್ ಮಷಿನ್ ಕ್ಯಾಪನ್ನು ಸುತ್ತಲೂ ಒತ್ತಿದಾಗ ಅದು ಪೈಪನ್ನು ನಿಪ್ಪಲಿನ ಮೇಲೆ ಬಿಗಿ ಹಿಡಿಯುತ್ತೆ. ಎರಡೇ ನಿಮಿಷದ ಕೆಲಸ. ಹೊಸ ಪೈಪಿನ ಹಣೆಬರಹ ಬರೆಯೋದು ಈ ಎರಡು ನಿಮಿಷ.

ಅಂಗಡಿಯಲ್ಲಿ ಏನಾಗಿತ್ತು?

ಶನಿವಾರ ಊರಿಗೆ ಹೋದವನೇ ಜಾರಿದ ಪೈಪನ್ನು ಕೈಯಲ್ಲಿ ಹಿಡಿದು ನೋಡಿದೆ. ಕ್ಯಾಪಿನ ಹಲ್ಲು ಕಚ್ಚಿದ ಗುರುತು ಕ್ಯಾಪಿನ ಅರ್ಧ ಉದ್ದಕ್ಕಷ್ಟೇ ಇತ್ತು. ಪೈಪನ್ನು ಪೂರ್ತಿ ಒಳಗೆ ತಳ್ಳದೆ ಒತ್ತಿಬಿಟ್ಟಿದ್ದರು. ಅಂಗಡಿಯವನು ಮೋಸಗಾರನೇನಲ್ಲ. ಅವತ್ತು ಕರೆಂಟ್ ಹೋಗಿ ಬಂದಿತ್ತು, ನಾಲ್ಕು ಜನ ಅರ್ಜೆಂಟು ಅಂತ ತಲೆ ಮೇಲೆ ನಿಂತಿದ್ದರು. ಅವರಲ್ಲಿ ನಮ್ಮ ಚಿಕ್ಕಪ್ಪನೂ ಒಬ್ಬರು.

ಅಳತೆ ತಪ್ಪಿದರೂ ಇದೇ ಗತಿ. ಒತ್ತಿದ ಮೇಲೆ ಕ್ಯಾಪಿನ ವ್ಯಾಸ ಎಷ್ಟಿರಬೇಕು ಅನ್ನೋದಕ್ಕೆ ತಯಾರಕರ ಚಾರ್ಟ್ ಇರುತ್ತೆ. ಸಡಿಲವಾದರೆ ಪೈಪ್ ಜಾರುತ್ತೆ. ಅತಿಯಾಗಿ ಒತ್ತಿದರೆ ಒಳಗಿನ ನಿಪ್ಪಲ್ ನಜ್ಜಾಗುತ್ತೆ, ತಂತಿ ತುಂಡಾಗುತ್ತೆ. ಕಣ್ಣಳತೆಗೆ ಇದು ಸಿಗಲ್ಲ, ವರ್ನಿಯರ್ ಬೇಕೇ ಬೇಕು. ಒಂದು ಕಂಪನಿಯ ಪೈಪಿಗೆ ಇನ್ನೊಂದರ ಫಿಟ್ಟಿಂಗ್ ಹಾಕಿದರೆ ಯಾವ ಚಾರ್ಟೂ ಲೆಕ್ಕಕ್ಕೆ ಬರಲ್ಲ.

ಪೈಪಿನ ಆಯ್ಕೆಯಲ್ಲೂ ಎಡವಬಹುದು. ಅರ್ಧ ಇಂಚಿನ ಎರಡು ಪೈಪ್ ದೂರದಿಂದ ಒಂದೇ ಥರ ಕಾಣುತ್ತವೆ. ಒಂದು ಪದರ ತಂತಿಯ 1ಎಸ್‌ಎನ್ ತಡೆಯೋದು 160 ಬಾರ್, ಎರಡು ಪದರದ 2ಎಸ್‌ಎನ್ 275 ಬಾರ್. ಪೈಪಿನ ಮೈಮೇಲೇ ಇದನ್ನು ಅಚ್ಚು ಹಾಕಿರುತ್ತಾರೆ, ಓದುವವರು ಬೇಕಷ್ಟೆ.

ಗಾಡಿಗೆ ಹಾಕುವಾಗ

ಚೆನ್ನಾಗಿ ಮಾಡಿದ ಪೈಪನ್ನೂ ಹಾಕುವಾಗ ಕೆಡಿಸಬಹುದು. ನಟ್ ಬಿಗಿಯುವಾಗ ಪೈಪೂ ಜೊತೆಗೆ ತಿರುಚಿಕೊಂಡರೆ ಒತ್ತಡ ಬಂದಾಗಲೆಲ್ಲ ಅದು ಬಿಚ್ಚಿಕೊಳ್ಳಲು ಹೆಣಗುತ್ತೆ, ಆಯಸ್ಸು ಕಮ್ಮಿಯಾಗುತ್ತೆ. ಪೈಪಿನ ಉದ್ದಕ್ಕೂ ಅಚ್ಚಾದ ಗೆರೆ ನೆಟ್ಟಗಿದ್ದರೆ ತಿರುಚಿಲ್ಲ ಅಂತ ಅರ್ಥ. ಒತ್ತಡದಲ್ಲಿ ಪೈಪ್ ಸ್ವಲ್ಪ ಕುಗ್ಗುತ್ತೆ ಕೂಡ, ಹಾಗಾಗಿ ಎಳೆದು ಕಟ್ಟಿದ ಹಾಗೆ ಅಳತೆ ಕೊಡಬಾರದು. ಕತ್ತರಿಸಿದಾಗ ಒಳಗೆ ಉಳಿದ ಲೋಹದ ಪುಡಿಯನ್ನು ಗಾಳಿ ಹೊಡೆದು ತೆಗೆಯದಿದ್ದರೆ ಅದು ಎಣ್ಣೆ ಜೊತೆ ಹೋಗಿ ವಾಲ್ವು, ಪಂಪನ್ನು ತಿನ್ನುತ್ತೆ.

ಎದೆ ಝಲ್ ಅಂದಿದ್ದು

ಇಷ್ಟು ಮಾತಾಡುವಾಗ ಆಪರೇಟರ್ ಹುಡುಗ ಮೆಲ್ಲಗೆ ಹೇಳಿದ: "ಮೊದ್ಲಿಂದ್ಲೂ ಅಲ್ಲಿ ಎಣ್ಣೆ ಬೆವರ್ತಿತ್ತು ಅಣ್ಣ. ಗಾಡಿ ಚಾಲೂ ಇದ್ದಾಗ್ಲೇ ಕೈಯಿಟ್ಟು ನೋಡ್ದೆ."

ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತೆ. ಕೈಗವಸು ತಡೆಯಲ್ಲ. ಹೊರಗೆ ಕಾಣೋದು ಚುಕ್ಕಿಯಂಥ ಗಾಯ, ಮೊದಲಿಗೆ ನೋವೂ ಅಷ್ಟಿರಲ್ಲ. ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳೋ ಕೈಯೋ ಹೋಗಬಹುದು. ಆಸ್ಪತ್ರೆಯಲ್ಲಿ "ಒತ್ತಡದ ಎಣ್ಣೆ ಒಳಗೆ ಹೋಗಿದೆ" ಅಂತ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಸಣ್ಣ ಗಾಯ ಅಂತ ಪಟ್ಟಿ ಕಟ್ಟಿ ಕಳಿಸಿಯಾರು. ಲೀಕ್ ಹುಡುಕಲು ದೂರದಿಂದ ರಟ್ಟಿನ ತುಂಡು ಹಿಡಿಯಿರಿ. ಕೈ ಬೇಡವೇ ಬೇಡ.

ನಮ್ಮ ಆಫೀಸಲ್ಲಿ ಟೆಸ್ಟ್ ಮಾಡದ ಕೋಡ್ ಹೊರಬಿಟ್ಟರೆ ಬೈಗುಳ ತಿಂದು ವಾಪಸ್ ತಗೋಬಹುದು. ಅವನ ಬೆರಳನ್ನು ವಾಪಸ್ ತರೋಕಾಗಲ್ಲ.

ಹೊಸ ಪೈಪನ್ನು ಅದರ ಕೆಲಸದ ಒತ್ತಡದ ಎರಡು ಪಟ್ಟಿನಲ್ಲಿ ಪರೀಕ್ಷಿಸಬೇಕು ಅನ್ನೋದು ಕ್ರಮ. ನಮ್ಮ ಅಂಗಡಿಯಲ್ಲಿ ಆ ಸೌಕರ್ಯ ಇರಲಿಲ್ಲ. ಅದಕ್ಕೇ ಈಗ ಚಿಕ್ಕಪ್ಪ ಹೊಸ ಪೈಪ್ ಹಾಕಿದ ಮೇಲೆ ಎಲ್ಲರನ್ನೂ ದೂರ ನಿಲ್ಲಿಸಿ, ಮೊದಲು ಬೂಮನ್ನು ನಿಧಾನಕ್ಕೆ ಆಡಿಸುತ್ತಾರೆ. ಆಮೇಲೆ ಬಕೆಟ್ ನೆಲಕ್ಕಿಳಿಸಿ, ಇಂಜಿನ್ ನಿಲ್ಲಿಸಿ, ಒತ್ತಡ ಇಳಿಸಿ ನೋಡುತ್ತಾರೆ. ಕ್ಯಾಪ್ ಮತ್ತು ಪೈಪ್ ಸೇರುವ ಕಡೆ ಬಿಳಿ ಪೇಂಟಿನ ಗೆರೆ ಎಳೆದಿರುತ್ತಾರೆ. ಗೆರೆ ನಡುವೆ ಸಂದು ಬಿಟ್ಟರೆ ಪೈಪ್ ಜಾರುತ್ತಿದೆ ಅಂತ ಲೆಕ್ಕ.

ಮೊನ್ನೆ ಫೋನಿನಲ್ಲಿ ಹೇಳುತ್ತಿದ್ದರು, "ಈಗ ಅರ್ಜೆಂಟು ಅನ್ನಲ್ಲ ಕಣೋ. ಅಲ್ಲೇ ಕೂತು, ವರ್ನಿಯರ್ ಹಿಡ್ದು ಅಳತೆ ತೋರ್ಸಪ್ಪ ಅಂತೀನಿ."