ಮಕ್ಕಳ ಕನ್ನಡಕ್ಕೊಂದು ಒರೆಗಲ್ಲು

ನಮ್ಮ ಮನೆಯ ಏಳು ವರ್ಷದ ಹುಡುಗಿ ಕನ್ನಡ ಕಲಿಸುವ ಒಂದು ಆಪ್‌ನಲ್ಲಿ ಇದ್ದಬದ್ದ ನಕ್ಷತ್ರಗಳನ್ನೆಲ್ಲ ಗಳಿಸಿಬಿಟ್ಟಳು. ನಾವೂ ಬೀಗಿದೆವು. ಆ ಭಾನುವಾರ ಮೈಸೂರಿನಿಂದ ಅವಳ ಅಜ್ಜಿ ಫೋನಿನಲ್ಲಿ, "ಏನೇ ಪುಟ್ಟಿ, ಊಟ ಆಯ್ತಾ? ಏನು ತಿಂದೆ?" ಎಂದು ಕೇಳಿದರು. ಹುಡುಗಿ ಪಿಳಿಪಿಳಿ ಕಣ್ಣು ಬಿಟ್ಟು ನನ್ನ ಮುಖ ನೋಡಿದಳು. ಋಷಿ, ಔಷಧ, ಘಂಟೆ ಎಲ್ಲವೂ ಗೊತ್ತು. ಊಟ ಆಯಿತೆಂದು ಹೇಳಲು ಮಾತ್ರ ಬಾಯಿ ಬರಲಿಲ್ಲ. "ಇರಲಿ ಬಿಡಪ್ಪ, ಮಗು ಆಡ್ಕೊಳ್ಲಿ" ಎಂದು ಅಮ್ಮ ಫೋನು ಇಟ್ಟರು. ಆ "ಇರಲಿ ಬಿಡು" ವಾರವೆಲ್ಲ ನನ್ನ ಕಿವಿಯಲ್ಲೇ ಇತ್ತು.

ಒಂದು ಕಾಲದಲ್ಲಿ ಈ ನಾಡಿಗೆ ಬಂದವರು ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಯ ಪಕ್ಕದಲ್ಲಿ ಒಂದು ವರ್ಣಮಾಲೆ ಪುಸ್ತಕ, ಒಂದೆರಡು ಕ್ಯಾಸೆಟ್ ತರುತ್ತಿದ್ದರು. ಸಿಕ್ಕಿದ್ದೇ ಪಂಚಾಮೃತ. ಈಗ ವಿಡಿಯೋ, ಆಪ್, ಮಾತಾಡುವ ಪುಸ್ತಕ, ಬೇಕಾದಷ್ಟಿವೆ. ಆದರೆ ಜಳ್ಳು ಯಾವುದು, ಕಾಳು ಯಾವುದು ಎಂದು ಕೇರಿಕೊಡುವವರು ಯಾರು? ಮಾತೃಭಾಷೆಯನ್ನು ಉಳಿಸಿಕೊಳ್ಳುವ ಹೊಣೆ ಮುಖ್ಯವಾಗಿ ಆಯಾ ಸಮುದಾಯದ್ದೇ ಎಂದು 1985ರ ಸ್ವಾನ್ ವರದಿಯೇ ಹೇಳಿತು. ಅಂದಮೇಲೆ ನಮ್ಮ ಮಕ್ಕಳ ಕನ್ನಡಕ್ಕೆ ಇನ್‌ಸ್ಪೆಕ್ಟರುಗಳೂ ನಾವೇ.

ನಾನು ಮೊದಲು ಕೇಳುವ ಪ್ರಶ್ನೆ: ಮಗು ಎಷ್ಟು ಬೇಗ ತಾನಾಗಿ ಒಂದು ಪದ ಓದುತ್ತದೆ? ಅ ಆ ಇ ಈ ಎಂದು ಸ್ವರಗಳನ್ನೆಲ್ಲ ಮುಗಿಸಿದರೂ ಓದಲು ಪದಗಳು ಸಿಗುವುದಿಲ್ಲ. ಕರ್ನಾಟಕದ ಶಾಲೆಗಳಲ್ಲಿ ರ ಗ ಸ ದ ಅ ಎಂದು ಆರಂಭಿಸುವ ಕ್ರಮವಿದೆ. ಆ ಐದೇ ಅಕ್ಷರಗಳಲ್ಲಿ ಸರ, ರಸ, ಅರಸ, ಅಗಸ, ಗರಗಸ ಎಲ್ಲ ಹುಟ್ಟುತ್ತವೆ. 1995ರಲ್ಲಿ ಯುನಿಸೆಫ್ ನೆರವಿನಿಂದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ 'ನಲಿ ಕಲಿ'ಯಲ್ಲಿ ಕಲಿಕೆಯ ಏಣಿಯಿದೆ, ಕಾರ್ಡುಗಳಿವೆ. ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂತು, ತಮ್ಮ ತಮ್ಮ ವೇಗಕ್ಕೆ ಮೆಟ್ಟಿಲು ಹತ್ತುತ್ತಾರೆ. ಐದು ವರ್ಷದವನೂ ಹನ್ನೊಂದರವಳೂ ಒಂದೇ ಚಾಪೆಯ ಮೇಲೆ ಕೂರುವ ನಮ್ಮ ವಾರಾಂತ್ಯದ ತರಗತಿಗೆ ಇದಕ್ಕಿಂತ ಹೊಂದುವ ಪದ್ಧತಿ ಇನ್ನೇನಿದೆ?

ಎರಡನೆಯದು, ದನಿ. ಹಳ್ಳಿಗೂ ಹಲ್ಲಿಗೂ, ಮಣೆಗೂ ಮನೆಗೂ ಭೇದ ಕೇಳಿಸಬೇಕು. ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಟ್ಟ ಕನ್ನಡದಲ್ಲಿ ಈ ಭೇದ ಮಾಯವಾಗುತ್ತದೆ. ಯಂತ್ರದ ಉಚ್ಚಾರವೋ ಮನುಷ್ಯರದೋ ಎಂಬುದನ್ನು ದೊಡ್ಡವರು ಮೊದಲು ಕಣ್ಣು ಮುಚ್ಚಿ ಕೇಳಿ ನೋಡಬೇಕು.

ಮೂರನೆಯದು, ಯಾರ ಕನ್ನಡ? 1965ರ ಅಕ್ಟೋಬರಿನಲ್ಲಿ ಬಿ.ಬಿ.ಸಿ.ಯವರು ಬರ್ಮಿಂಗ್‌ಹ್ಯಾಮಿನಿಂದ ವಲಸಿಗರಿಗಾಗಿ ಕಾರ್ಯಕ್ರಮ ಆರಂಭಿಸಿದಾಗ, ಹಿಂದಿಯವರಿಗೂ ಉರ್ದುವಿನವರಿಗೂ ತಿಳಿಯುವಂಥ ಸರಳ ಹಿಂದೂಸ್ತಾನಿಯನ್ನು ಆರಿಸಿಕೊಂಡರು. ಪಂಡಿತರ ಭಾಷೆಯನ್ನಲ್ಲ, ಕೇಳುವವರ ಭಾಷೆಯನ್ನು. ನಮ್ಮ ಪಾಠಗಳಲ್ಲಿ "ನಾನು ಹೋಗುತ್ತೇನೆ" ಇರಲಿ. ಜೊತೆಗೆ ಮನೆಯ "ಹೋಗ್ತೀನಿ"ಯೂ, ಧಾರವಾಡದ "ಹೋಗ್ತೀನ್ರಿ"ಯೂ ಇರಬೇಡವೇ? ಮಗು ಮಾತಾಡಬೇಕಾದ್ದು ಪುಸ್ತಕದೊಡನೆ ಅಲ್ಲ, ಅಜ್ಜಿಯೊಡನೆ.

ಕೊನೆಯದಾಗಿ, ಮಗು ಏನು ಮಾಡುತ್ತದೆ? ಚಿತ್ರ ಮುಟ್ಟಿದರೆ ನಕ್ಷತ್ರ ಸಿಗುವುದಾದರೆ ಮಗು ಮುಟ್ಟುವುದನ್ನು ಕಲಿಯುತ್ತದೆ. ಬಾಯಿ ತೆರೆಸುವ, ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಸಾಧನವೇ ಸಾಧನ. ಅತಿ ಸುಲಭದ ಪರೀಕ್ಷೆ ಇದು: ಪಾಠ ಮುಗಿದು ಮೂರು ದಿನದ ನಂತರ, ಪರದೆ ಮುಚ್ಚಿದಾಗ, ಮಗುವಿನ ಬಾಯಲ್ಲಿ ಏನು ಉಳಿದಿದೆ? ಉಳಿಯದಿದ್ದರೆ ತಪ್ಪು ಮಗುವಿನದೆಂದು ಗದರಬೇಡಿ.

ನಾವು ಆ ಆಪನ್ನು ಬದಿಗಿಟ್ಟು, ರಟ್ಟಿನ ಚೂರುಗಳಲ್ಲಿ ಐದು ಅಕ್ಷರ ಬರೆದುಕೊಂಡು ಕೂತೆವು. ದಿನವೂ ಊಟದ ಹೊತ್ತಿಗೆ ಅಜ್ಜಿಯ ಪ್ರಶ್ನೆಗಳನ್ನು ನಾವೇ ಕೇಳಿದೆವು. ಎರಡು ತಿಂಗಳ ಮೇಲೆ ಫೋನಿನಲ್ಲಿ ಹುಡುಗಿ ಗಟ್ಟಿಯಾಗಿ, "ಆಯ್ತು ಅಜ್ಜಿ, ಹುಲಿ ಅನ್ನ ತಿಂದೆ" ಎಂದಳು.

"ಅಯ್ಯೋ, ಹುಲೀನೇ ತಿಂದ್ಯೇನೇ!" ಎಂದು ಅಮ್ಮ ನಕ್ಕ ನಗು ಅಡಿಗೆಮನೆಯವರೆಗೂ ಕೇಳಿಸಿತು. ಅಂದು ಅವರು ಬೇಗ ಫೋನು ಇಡಲಿಲ್ಲ. ಹುಳಿಯ 'ಳ'ಕಾರವನ್ನು ಮೊಮ್ಮಗಳಿಗೆ ತಾವೇ ತಿದ್ದುತ್ತ ಕೂತರು.

ಬಂಧುಗಳೇ, ಮುಂದಿನ ಸಲ ಸೇರುವಾಗ ನಿಮ್ಮ ಮನೆಯ ಪುಸ್ತಕ, ಆಪ್, ವಿಡಿಯೋಗಳನ್ನೂ ಜೊತೆಗೆ ತನ್ನಿ. ಒರೆಗಲ್ಲು ಮಕ್ಕಳೇ; ನಾವು ಪಕ್ಕದಲ್ಲಿ ಕೂತು ನೋಡೋಣ.