ಗೀಸರ್ ಹಾಕಿದೊಡನೆ ಟ್ರಿಪ್ ಆಗುವುದೇಕೆ?

ಬೆಳಗ್ಗೆ ಬಾತ್‌ರೂಮಿನ ಗೀಸರ್ ಸ್ವಿಚ್ ಒತ್ತಿದ ಕೂಡಲೇ ಮನೆಯೆಲ್ಲ ಕತ್ತಲು. ಮೇಲೆತ್ತಿದ ಲಿವರ್ ಟಪ್ಪೆಂದು ಮತ್ತೆ ಕೆಳಗೆ.

ಬ್ರೇಕರ್‌ಗಳಿರುವ ಡಿಬಿ ಬಾಕ್ಸ್‌ನಲ್ಲಿ ಬಿದ್ದದ್ದು ಯಾವುದು ಎಂದು ಮೊದಲು ನೋಡಬೇಕು. ಎಂಸಿಬಿ ಆಗಿದ್ದರೆ ಓವರ್‌ಲೋಡ್ ಅಥವಾ ಶಾರ್ಟ್. 2000 ವಾಟ್‌ನ ಗೀಸರ್ ಒಂದೇ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದೇ ಲೈನಿನಲ್ಲಿ ಅಷ್ಟೇ ವಾಟ್‌ನ ಇನ್ನೊಂದು ಹೀಟರ್ ಓಡಿದರೆ 16 ಆಂಪಿಯರ್ ದಾಟುತ್ತದೆ.

ಟೆಸ್ಟ್ ಬಟನ್ ಇರುವ ಆರ್‌ಸಿಸಿಬಿ ಬಿದ್ದಿದ್ದರೆ, ಎಲ್ಲೋ ಕರೆಂಟ್ ಸೋರುತ್ತಿದೆ ಎಂದರ್ಥ. ಮನೆಗಳಿಗೆ ಹಾಕುವ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿಯರ್‌ನದು. ಅಷ್ಟು ಸಣ್ಣ ಸೋರಿಕೆಗೇ ಅದು ಸಂಪರ್ಕ ಕಡಿಯುವುದರಿಂದ ಒದ್ದೆ ಮೈಯಲ್ಲಿ ನಿಂತವರ ಜೀವ ಉಳಿಯುತ್ತದೆ.

ಬೋರ್‌ವೆಲ್‌ನ ಗಡಸು ನೀರು ಬರುವ ಬೆಂಗಳೂರಿನ ಬಡಾವಣೆಗಳಲ್ಲಿ ಅನುಮಾನ ಮೊದಲು ಗೀಸರ್ ಕಾಯಿಲ್ ಮೇಲೆ. ಅದರ ಮೇಲೆ ಸುಣ್ಣ ಕಟ್ಟುತ್ತದೆ, ಶಾಖ ನೀರಿಗೆ ಇಳಿಯದೆ ಕಾಯಿಲ್ ಅತಿಯಾಗಿ ಕಾಯುತ್ತದೆ, ಹೊರಕವಚ ಬಿರುಕು ಬಿಡುತ್ತದೆ. ಬಿರುಕಿಗೆ ನೀರು ನುಗ್ಗಿದರೆ ಕರೆಂಟ್ ಅರ್ಥ್‌ಗೆ ಹರಿಯುತ್ತದೆ.

ಪರೀಕ್ಷೆ ಸುಲಭ. ಮೇನ್ ಆರಿಸಿ, ಒಣ ಕೈಯಲ್ಲಿ ಗೀಸರ್ ಪ್ಲಗ್ ಕಿತ್ತು, ಮತ್ತೆ ಆನ್ ಮಾಡಬೇಕು. ಬರೀ ಸ್ವಿಚ್ ಆರಿಸಿದರೆ ಸಾಲದು: ಅದು ಫೇಸ್ ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಕಡೆಯ ಸೋರಿಕೆ ಹಾಗೇ ಉಳಿಯಬಹುದು. ಈಗ ಲಿವರ್ ನಿಂತರೆ ದೋಷ ಬಹುತೇಕ ಗೀಸರ್‌ನದ್ದು. ಬಿದ್ದರೆ ತೇವ ಹಿಡಿದ ಸಾಕೆಟ್, ವೈರಿಂಗ್ ಅಥವಾ ಬೇರೆ ಉಪಕರಣ. ಅದನ್ನು ಎಲೆಕ್ಟ್ರಿಷಿಯನ್ ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಿಡಿದು ಪತ್ತೆ ಮಾಡಬೇಕು.

ಕಾಟ ತಪ್ಪಲೆಂದು ಕೆಲವರು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಸುತ್ತಾರೆ. ದಯವಿಟ್ಟು ಬೇಡ, ಅರ್ಥಿಂಗ್ ಕೆಟ್ಟಿದ್ದರೆ ಸೋರುವ ಕರೆಂಟ್ ಕೊಳಾಯಿ ಮುಟ್ಟಿದವರ ಮೈಗೇ ಹರಿಯುತ್ತದೆ. ಹೊಸ ಕಾಯಿಲ್ ಹಾಕಿಸುವಾಗಲೇ ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುವ ಆನೋಡ್ ರಾಡ್ ಸವೆದಿದೆಯೇ ಎಂದೂ ನೋಡಿಸಬೇಕು.