ಸೈಕಲ್ ಮೇಲಿದ್ದ ಹೆಸರಿನ ಫಟಫಟಿ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಈ ಕಡೆ ಬಿಎಸ್‌ಎ ಅಂದರೆ ಸೈಕಲ್. ಹೈಸ್ಕೂಲಿಗೆ ಹೋಗುವ ಮಗನಿಗೆ ಅಪ್ಪ ಕೊಡಿಸಿದ ಎಸ್‌ಎಲ್‌ಆರ್. ಆ ಸೈಕಲ್ ಮದ್ರಾಸಿನ ಟಿಐ ಕಾರ್ಖಾನೆಯದು, ಹೆಸರು ಮಾತ್ರ ಸಮುದ್ರದಾಚೆಯದು. ಆ ಹೆಸರಿನ ಬೆನ್ನು ಹತ್ತಿ ಹೋಗಿ ನೋಡಿ, ಎಲ್ಲಿಗೆ ಮುಟ್ಟುತ್ತೀರಿ? ಬಂದೂಕಿನ ಕಾರ್ಖಾನೆಗೆ!

1861ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಬಂದೂಕು ಮಾಡುವವರೆಲ್ಲ ಕೂಡಿ ಕಟ್ಟಿದ್ದು ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಅಂದರೆ ಬಿಎಸ್‌ಎ. ಬಂದೂಕು ಮಾಡಿದವರೇ ಸೈಕಲ್ ಮಾಡಿದರು, 1910ರ ಹೊತ್ತಿಗೆ ಮೋಟಾರ್‌ಸೈಕಲ್ಲಿಗೂ ಕೈ ಹಾಕಿದರು. ಎರಡನೇ ಮಹಾಯುದ್ಧಕ್ಕೆ ಎಂ20 ಎಂಬ ಒಂದೇ ಮಾದರಿಯನ್ನು ಸುಮಾರು 1,26,000 ತಯಾರಿಸಿ ಕಳಿಸಿದರು. 1950ರ ದಶಕದ ಆರಂಭದಲ್ಲಿ ಜಗತ್ತಿನಲ್ಲಿ ಇವರಿಗಿಂತ ದೊಡ್ಡ ಮೋಟಾರ್‌ಸೈಕಲ್ ಕಂಪನಿಯೇ ಇರಲಿಲ್ಲ.

ಅವರ ಕಿರೀಟದ ಮಣಿ ಗೋಲ್ಡ್ ಸ್ಟಾರ್. ಬ್ರೂಕ್‌ಲ್ಯಾಂಡ್ಸ್ ರೇಸ್ ಮೈದಾನದಲ್ಲಿ ಗಂಟೆಗೆ 100 ಮೈಲಿ ಮೀರಿ ಸುತ್ತು ಹೊಡೆದವರಿಗೆ ಚಿನ್ನದ ನಕ್ಷತ್ರದ ಪದಕ ಸಿಗುತ್ತಿತ್ತು. 1937ರಲ್ಲಿ ವಾಲ್ ಹ್ಯಾಂಡ್ಲಿ ಬಿಎಸ್‌ಎ ಏರಿ ಅದನ್ನು ಗೆದ್ದ. ಮರುವರ್ಷವೇ ಆ ಪದಕದ ಹೆಸರಲ್ಲಿ ಗಾಡಿ ಹೊರಬಂತು. 1956ರ ಡಿಬಿಡಿ34 ಮಾದರಿಯ ಬಗ್ಗೆ ಓದಿದಾಗಲಂತೂ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಒಂದೇ ಸಿಲಿಂಡರ್, 499 ಸಿಸಿ, ಸುಮಾರು 40 ಅಶ್ವಶಕ್ತಿ. ರೇಸಿನ ಗೇರ್‌ಬಾಕ್ಸ್ ಹಾಕಿದರೆ ಮೊದಲ ಗೇರಿನಲ್ಲೇ ಗಂಟೆಗೆ 60 ಮೈಲಿ ದಾಟುತ್ತಿತ್ತು! ಅದಕ್ಕೇ ಸಂತೆಪೇಟೆಯಂಥ ಜಾಗದಲ್ಲಿ ಕ್ಲಚ್ ಅರೆಬರೆ ಹಿಡಿದುಕೊಂಡೇ ಸಾಗಬೇಕಿತ್ತು. ಓಡಲೆಂದೇ ಹುಟ್ಟಿದ ಹೋರಿಯನ್ನು ಮೂಗುದಾರ ಜಗ್ಗಿ ನಡೆಸಿದಂತೆ. 1963ಕ್ಕೆ ಅದರ ತಯಾರಿಕೆ ನಿಂತಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಕಂಪನಿಯೂ ಮುಳುಗಿತು.

ಮುಂದಿನದು ನನಗೆ ಎಲ್ಲಕ್ಕಿಂತ ಬೆರಗಿನ ಸಂಗತಿ. ಸತ್ತ ಹೆಸರನ್ನು ಎಬ್ಬಿಸಿದವರ ಜಾಡು ಹಿಡಿದರೆ ದಾರಿ ನೇರ ಮೈಸೂರಿನ ಯಾದವಗಿರಿಗೆ ಬರುತ್ತದೆ! ಅಲ್ಲಿ 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟಿಸಿದ ಐಡಿಯಲ್ ಜಾವಾ ಕಾರ್ಖಾನೆಯಿತ್ತು. ಜಾವಾ, ಯೆಜ್ಡಿ ಗಾಡಿಗಳು ಕರ್ನಾಟಕದ ಹಳ್ಳಿಹಳ್ಳಿಗೆ ಹೊರಟಿದ್ದು ಅಲ್ಲಿಂದ. 1996ರಲ್ಲಿ ಬಾಗಿಲು ಮುಚ್ಚಿದ ಆ ಕಾರ್ಖಾನೆಯನ್ನು ಕಟ್ಟಿದ ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿ. ಅವರೂ ಅನುಪಮ್ ಥರೇಜಾ ಅವರೂ ಮಹೀಂದ್ರಾ ಜೊತೆ ಸೇರಿ ಕಟ್ಟಿದ ಕ್ಲಾಸಿಕ್ ಲೆಜೆಂಡ್ಸ್ ಜಾವಾ, ಯೆಜ್ಡಿಗಳನ್ನು ಮತ್ತೆ ರಸ್ತೆಗೆ ತಂದಿತು. ಬಿಎಸ್‌ಎ ಹೆಸರನ್ನು 2016ರಲ್ಲಿ ಕೊಂಡದ್ದೂ ಇದೇ ಬಳಗ.

2021ರ ಡಿಸೆಂಬರಿನಲ್ಲಿ ಹೊಸ ಗೋಲ್ಡ್ ಸ್ಟಾರ್ ಬೆಳಕು ಕಂಡದ್ದು ಹುಟ್ಟೂರು ಬರ್ಮಿಂಗ್‌ಹ್ಯಾಮ್‌ನಲ್ಲೇ. ಭಾರತದ ಪೇಟೆಗೆ ಬಂದದ್ದು 2024ರ ಆಗಸ್ಟ್ 15ರಂದು! ಆಗ ಶೋರೂಂ ಬೆಲೆ 3 ಲಕ್ಷದ ಆಸುಪಾಸಿನಿಂದ ಶುರು. ಈಗಲೂ ಒಂದೇ ಸಿಲಿಂಡರ್, ಆದರೆ 652 ಸಿಸಿ, 45 ಅಶ್ವಶಕ್ತಿ. ಎಂಜಿನ್ ತಂಪಾಗಿಡಲು ಗಾಳಿಯ ಬದಲು ನೀರು, ಕಿಕ್ ಬದಲು ಬಟನ್, ಬ್ರೇಕಿಗೆ ಎಬಿಎಸ್. ಆ ಹಳೆಯ ರೇಸ್ ಗಾಡಿಗಿಂತ ಹೆಚ್ಚಾದ ಶಕ್ತಿ ಬಲು ಕಡಿಮೆ, ಬದಲಾದದ್ದು ಸ್ವಭಾವ. ಕೆಳಗಿನ ವೇಗದಲ್ಲೇ ಎಳೆತ ಸಿಗುವಂತೆ ಎಂಜಿನ್ನನ್ನು ಹದಗೊಳಿಸಿದ್ದಾರೆ. ಮುಂದೆ ಗೋವಿನಜೋಳ ತುಂಬಿದ ಟ್ರ್ಯಾಕ್ಟರ್ ನಿಧಾನಕ್ಕೆ ಹೊರಟಿರುವ ಹಾನಗಲ್ ರಸ್ತೆಯಲ್ಲಿ ಬೇಕಾದದ್ದು ಆ ಎಳೆತವೇ. ಶಿಗ್ಗಾಂವಿ ಮುಟ್ಟಿ ಪುಣೆ–ಬೆಂಗಳೂರು ಹೆದ್ದಾರಿ ಹತ್ತಿದ ಮೇಲೆ ಉಳಿದ ಶಕ್ತಿಗೆ ಕೆಲಸ. ಇಂದಿನ ಸವಾರನಿಗಾಗಿ ಹಳೆಯದನ್ನು ಎಬ್ಬಿಸುವುದು ಹೀಗೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. ತೂಕ ಮಾತ್ರ 200 ಕಿಲೋ ಮೀರಿದೆ. ಕೆಸರು ರಸ್ತೆಯಲ್ಲಿ ಜೋಪಾನ.

ಅಚ್ಚರಿ ಇನ್ನೂ ಒಂದಿದೆ. ಬಿಎಸ್‌ಎಯ ಪುಟ್ಟ ಗಾಡಿ ಬ್ಯಾಂಟಮ್ 1948ರಲ್ಲಿ ಬಂದಾಗ ಅದರ ವಿನ್ಯಾಸ ಸೋತ ಜರ್ಮನಿಯಿಂದ ಯುದ್ಧ ಪರಿಹಾರವಾಗಿ ಸಿಕ್ಕಿದ್ದು, ಡಿಕೆಡಬ್ಲ್ಯು ಕಂಪನಿಯದು. 2025ರಲ್ಲಿ ಆ ಹೆಸರು ಬ್ರಿಟನ್ನಿನ ಪೇಟೆಗೆ ಮರಳಿತು. ಈ ಸಲ ಬ್ಯಾಂಟಮ್‌ನ ಒಳಗಿರುವ 334 ಸಿಸಿ ಎಂಜಿನ್ ಯಾವುದು ಗೊತ್ತೇ? ಜಾವಾದ್ದು!